ಅತ್ತಿಗೆಯ ನುಣುಪು ಗದ್ದ

ನಮ್ಮ ಅತ್ತಿಗೆಯನ್ನು ಬೀದಿಯವರು ಕರೆಯುವುದು ಸೂಜಿಯಮ್ಮ ಎಂದು. ಹೊಲಿಗೆಯವಳು ಎಂದುಕೊಂಡು ಹರಿದ ಪ್ಯಾಂಟು ಹಿಡಿದು ಮೆಟ್ಟಿಲು ಹತ್ತಿ ಬಂದವರನ್ನು ನಾನೇ ಎಷ್ಟೋ ಸಲ ಬಾಗಿಲಲ್ಲಿ ನಿಲ್ಲಿಸಿ ವಾಪಸು ಕಳಿಸಿದ್ದೇನೆ. ಅವಳ ಸೂಜಿ ಬಟ್ಟೆಗಲ್ಲ, ಮುಖಕ್ಕೆ. ಹೆಂಗಸರ ಗದ್ದದ ಮೇಲೆ, ತುಟಿಯ ಮೇಲೆ, ಕಿವಿಯ ಪಕ್ಕ ಬೆಳೆಯುವ ಬೇಡದ ಕೂದಲಿಗೆ ಕರೆಂಟು ಹಾಯಿಸಿ, ಬೇರಿನಲ್ಲೇ ಸಾಯಿಸಿ ತೆಗೆಯುವುದು ಅವಳ ಕಸುಬು. ಒಂದೊಂದು ಕೂದಲಿಗೂ ಬೇರೆಬೇರೆಯಾಗಿ ಸೂಜಿ ಇಳಿಸಬೇಕು. ಒಂದು ಗದ್ದ ಪೂರ್ತಿ ನುಣುಪಾಗಬೇಕಾದರೆ ವರ್ಷದ ಮೇಲೆ ಹಿಡಿಯುತ್ತದೆ. ಇಷ್ಟು ತಾಳ್ಮೆ ಬೇಡುವ ಕೆಲಸ ಲೋಕದಲ್ಲಿ ಇನ್ನೊಂದಿದ್ದರೂ ದಯವಿಟ್ಟು ಅದನ್ನು ನನ್ನ ಕೈಗೆ ಕೊಡಬೇಡಿ.

ನಾನು ಅವಳ ನಾದಿನಿ, ಅಂದರೆ ಗಂಡನ ತಂಗಿ. ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದವಳು. ನಾದಿನಿ ಎಂದರೆ ಅತ್ತಿಗೆಯ ತಪ್ಪು ಹುಡುಕಲೆಂದೇ ಹುಟ್ಟಿದವಳು ಎಂದು ಜನ ತಿಳಿದಿದ್ದಾರೆ. ನನಗೆ ನಮ್ಮ ಅಣ್ಣನ ತಪ್ಪು ಹುಡುಕುವುದಕ್ಕೇ ಹೊತ್ತು ಸಾಲುತ್ತಿರಲಿಲ್ಲ, ಅತ್ತಿಗೆಯ ತಂಟೆಗೆ ಹೋಗುವುದು ಯಾವಾಗ? ಟವೆಲ್ ಒಗೆಯುವುದು, ಚಿಮುಟ ಕುದಿಸುವುದು, ಬಂದವರನ್ನು ಕೂರಿಸಿ ಮಾತಾಡಿಸುವುದು ನನ್ನ ಪಾಲಿನ ಕೆಲಸ. ಮಾತಾಡಿಸುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳು ಕೆಲಸ ಮಾಡುವ ಕೋಣೆ ಚಪ್ಪಲಿ ಅಂಗಡಿಯ ಮೇಲಿನದು. ಕೆಳಗಿನ ಅಂಟು ಮತ್ತು ಚರ್ಮದ ವಾಸನೆ ಕಿಟಕಿಯಿಂದ ಬರುತ್ತಿತ್ತು, ನಮ್ಮ ಸ್ಪಿರಿಟ್ಟಿನ ವಾಸನೆ ಅದೇ ಕಿಟಕಿಯಿಂದ ಹೋಗುತ್ತಿತ್ತು. ನಡುವೆ ಹಲ್ಲಿನ ಡಾಕ್ಟರೊಬ್ಬರು ಅಂಗಡಿ ಮುಚ್ಚಿದಾಗ ಸಿಕ್ಕ ಒರಗು ಕುರ್ಚಿ. ಅದರ ತಲೆಯ ಮೇಲೆ ಉದ್ದ ಕೈಯಿನ ದೀಪ, ದೀಪದ ನಡುವೆ ದೊಡ್ಡ ಭೂತಗನ್ನಡಿ. ಅತ್ತಿಗೆ ಆ ಗಾಜಿನ ಹಿಂದೆ ಬಗ್ಗಿದರೆ ಮುಗಿಯಿತು, ಊರು ಹೊತ್ತಿ ಉರಿದರೂ ಅವಳಿಗೆ ತಿಳಿಯುತ್ತಿರಲಿಲ್ಲ.

ಹೊಸಬರು ಬಂದಾಗ ಅವಳು ಯಂತ್ರ ತೋರಿಸುತ್ತಿರಲಿಲ್ಲ. ತನ್ನ ಗದ್ದ ತೋರಿಸುತ್ತಿದ್ದಳು. "ನಾನೂ ನಿಮ್ಮ ಹಾಗೇ ಇದ್ದೆ. ಮುಟ್ಟಿ ನೋಡಿ ಪರ್ವಾಗಿಲ್ಲ" ಎನ್ನುತ್ತಿದ್ದಳು. ಅವರು ನಾಚಿಕೊಂಡು ಬೆರಳು ಸವರುತ್ತಿದ್ದರು. ಒಂದು ಕೂದಲಿಲ್ಲ, ಒಂದು ಕಲೆಯಿಲ್ಲ. ಹುಡುಗಿಯಾಗಿದ್ದಾಗ ಅವಳಿಗೆ ಗಡ್ಡ ಎನ್ನುವಷ್ಟು ಇತ್ತಂತೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅಪ್ಪನ ರೇಜರ್ ಕದ್ದು ಕೆರೆದುಕೊಳ್ಳುತ್ತಿದ್ದಳಂತೆ. ಕೊನೆಗೆ ಈ ಕಸುಬಿನ ಮುದುಕಿಯೊಬ್ಬಳ ಹತ್ತಿರ ಕೆಲಸಕ್ಕೆ ಸೇರಿ, ಅವಳ ಕೈಯಲ್ಲೇ ಗದ್ದ ಸರಿ ಮಾಡಿಸಿಕೊಂಡು, ಕಸುಬನ್ನೂ ಕಲಿತಳು. ಬಂದ ಹೆಂಗಸರು ಆ ಗದ್ದ ಮುಟ್ಟಿದ ಮೇಲೆ ಬೇರೆ ಪ್ರಶ್ನೆ ಕೇಳುತ್ತಿರಲಿಲ್ಲ.

ಇನ್ನು ನಮ್ಮ ಅಣ್ಣ. ಫ್ಯಾನು, ಇಸ್ತ್ರಿ ಪೆಟ್ಟಿಗೆ, ಗ್ರೈಂಡರ್ ರಿಪೇರಿ ಮಾಡುವವನು. ಬೇರೆಯವರ ಮನೆಯ ಕೆಲಸ ಹೇಗೆ ಮಾಡುತ್ತಿದ್ದನೋ ನಾನು ನೋಡಿಲ್ಲ. ನಮ್ಮ ಮನೆಯದೆಲ್ಲ ತಿರುಗಾಮುರುಗಾ. ಬಿಸಿನೀರಿನ ನಲ್ಲಿ ತಿರುಗಿಸಿದರೆ ತಣ್ಣೀರು. ಅಡುಗೆಮನೆಯ ಸ್ವಿಚ್ ಒತ್ತಿದರೆ ಬಚ್ಚಲ ದೀಪ. ಒಂದು ಸ್ವಿಚ್ಚಂತೂ ಮೇಲೆ ಒತ್ತಿದರೆ ಹತ್ತುತ್ತಿತ್ತು, ಕೆಳಗೆ ಒತ್ತಿದರೆ ಆರುತ್ತಿತ್ತು. ಕೇಳಿದರೆ ಒಂದೇ ಉತ್ತರ: "ಕೆಲಸ ಮಾಡತ್ತೋ ಇಲ್ವೋ? ಉಲ್ಟಾ ಇದೆ ಅಷ್ಟೇ. ಅಭ್ಯಾಸ ಮಾಡ್ಕೊಳ್ಳಿ." ನಾವೂ ಅಭ್ಯಾಸ ಮಾಡಿಕೊಂಡೆವು. ಮನೆಗೆ ಬಂದ ನೆಂಟರು ಕೈ ಸುಟ್ಟುಕೊಂಡು ಕಿರುಚಿದಾಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಅತ್ತಿಗೆಯ ಯಂತ್ರವನ್ನೂ ಅವನು ಬಿಡಲಿಲ್ಲ. ಅದು ಪುಟ್ಟ ಪೆಟ್ಟಿಗೆ. ಮುಂದೆ ಎರಡು ತೂತು, ಒಂದು ಕೆಂಪು, ಒಂದು ಕಪ್ಪು. ಕೆಂಪು ವೈರಿನ ತುದಿಗೆ ಒಂದು ಲೋಹದ ಕೋಲು, ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಂದವರ ಕೈಗೆ ಕೊಡುವುದು. ಕಪ್ಪು ವೈರಿನ ತುದಿಗೆ ಸೂಜಿ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ, ಮಗುವಿಗೂ ತಿಳಿಯುವಂಥದ್ದು. ಬಹಳ ವರ್ಷದ ಹಿಂದೆ ಅದು ಕೆಟ್ಟಾಗ ಅಣ್ಣ ಬಿಚ್ಚಿ ಸರಿ ಮಾಡಿದ. ಅತ್ತಿಗೆ ಹುಷಾರಿನವಳು, ಒಂದು ಲೋಟ ಉಪ್ಪುನೀರು ತಂದು ಸೂಜಿ ಮತ್ತು ಕೋಲು ಎರಡನ್ನೂ ಅದ್ದಿ ನೋಡಿದಳು. ಗುಳ್ಳೆ ಜೋರಾಗಿ ಸೂಜಿಯಿಂದ ಏಳಬೇಕು. ಅವತ್ತು ಕೋಲಿನಿಂದ ಎದ್ದವು.

"ಒಳಗೆ ಉಲ್ಟಾ ಜೋಡಿಸಿದೀರಿ" ಎಂದಳು.

"ಅದಕ್ಕೇನೀಗ? ನೀನು ಹೊರಗೆ ಉಲ್ಟಾ ಹಾಕು. ಕೆಂಪನ್ನ ಕಪ್ಪಿಗೆ ಹಾಕು, ಕಪ್ಪನ್ನ ಕೆಂಪಿಗೆ. ಮತ್ತೆ ಬಿಚ್ಚು ಅಂದ್ರೆ ನಂಗಾಗಲ್ಲ" ಎಂದ ನಮ್ಮ ಮಹಾರಾಯ.

ಅವತ್ತು ಅತ್ತಿಗೆ ನನಗೆ ವಿವರಿಸಿದಳು. ಕರೆಂಟು ಸರಿಯಾದ ಕಡೆಯಿಂದ ಹರಿದರೆ ಕೂದಲಿನ ಬೇರು ಸಾಯುತ್ತದೆ, ಸೂಜಿಯ ಬುಡದಲ್ಲಿ ಬಿಳಿ ನೊರೆ ಬರುತ್ತದೆ, ಕೂದಲು ತಾನಾಗಿ ಜಾರಿ ಹೊರಬರುತ್ತದೆ. ಉಲ್ಟಾ ಹರಿದರೆ ಸೂಜಿಯ ಉಕ್ಕೇ ಕರಗಿ ಚರ್ಮದ ಒಳಗೆ ಕೂರುತ್ತದೆ. ಕಪ್ಪು ಚುಕ್ಕೆಯಾಗುತ್ತದೆ. ಹಚ್ಚೆ ಹಾಕಿಸಿಕೊಂಡ ಹಾಗೆ, ಸಾಯುವವರೆಗೂ. "ನಮ್ಮ ಕಸುಬಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ" ಎಂದಳು. ಆಮೇಲೆ ಕೆಂಪನ್ನು ಕಪ್ಪಿಗೂ ಕಪ್ಪನ್ನು ಕೆಂಪಿಗೂ ಚುಚ್ಚಿ ಕೆಲಸ ಶುರು ಮಾಡಿದಳು. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಅವಳ ಎರಡು ಕೈ ಹಾಗೇ ಅಡ್ಡಡ್ಡ ಹೋಗುತ್ತಿದ್ದವು, ಕಣ್ಣು ಬೇರೆಲ್ಲೋ ಇರುತ್ತಿತ್ತು. ಅಣ್ಣನ ಉಲ್ಟಾ ಮತ್ತು ಅವಳ ಉಲ್ಟಾ ಸೇರಿ ಎಲ್ಲ ನೇರವಾಗಿ ನಡೆಯುತ್ತಿತ್ತು.

ಅವರಿಗೆ ಒಬ್ಬಳೇ ಮಗಳು. ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದಳು, ನಾನು ಬಟಾಣಿ ಎಂದೆ, ಅದೇ ನಿಂತಿತು. ಚಿಕ್ಕವಳಿದ್ದಾಗ ಬಟಾಣಿಗೆ ಒಂದು ಚಟ. ನಿದ್ದೆ ಬರಬೇಕಾದರೆ ಅಮ್ಮನ ಗದ್ದ ಸವರಬೇಕು. ನನ್ನ ಗದ್ದ ಕೊಟ್ಟರೆ ಕೈ ಕಿತ್ತುಕೊಳ್ಳುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ.

ಹೈಸ್ಕೂಲಿಗೆ ಬಂದಾಗ ಬಟಾಣಿಯ ಗದ್ದದಲ್ಲೂ ಅಮ್ಮನ ಬಳುವಳಿ ಕಾಣಿಸಿಕೊಂಡಿತು. ಮೊದಲು ಎರಡು ಪಕ್ಕಗಳಲ್ಲಿ, ಆಮೇಲೆ ಗದ್ದದ ಕೆಳಗೆ, ದಪ್ಪ ಕರಿಯ ಕೂದಲು. ಜೊತೆಯ ಹುಡುಗಿಯರು ಅವಳನ್ನು "ಅಂಕಲ್" ಎಂದು ಕರೆಯುತ್ತಿದ್ದರು. ಮನೆಗೆ ಬಂದು ಬ್ಯಾಗು ಎಸೆದು ಅಳುತ್ತಿದ್ದಳು. ಆ ಹುಡುಗಿಯರ ಜುಟ್ಟು ಹಿಡಿದು ಗೋಡೆಗೆ ಜಜ್ಜಬೇಕು ಎನ್ನಿಸುತ್ತಿತ್ತು ನನಗೆ.

"ಅಮ್ಮಾ, ಊರವರದ್ದೆಲ್ಲ ತೆಗೀತೀಯ, ನಂದ್ಯಾಕೆ ತೆಗಿಯಲ್ಲ?"

"ಇನ್ನೂ ಬೆಳೆಯೋ ಮೈ ಕಂದ. ಈಗ ತೆಗೆದ್ರೆ ಪಕ್ಕದಲ್ಲಿ ಹೊಸದು ಹುಟ್ಟತ್ತೆ. ಎಳೇ ಚರ್ಮಕ್ಕೆ ಸೂಜಿ ಹಾಕಿದ್ರೆ ಗುರುತು ನಿಲ್ಲತ್ತೆ. ಓದು ಮುಗೀಲಿ. ನನ್ನ ಕೈಯಾರೆ ತೆಗೀತೀನಿ. ಅಲ್ಲೀವರ್ಗೂ ಕೀಳ್ಬೇಡ, ಬ್ಲೇಡು ಮುಟ್ಟಿಸ್ಬೇಡ. ನಿನ್ನ ಮುಖಕ್ಕೆ ಬ್ಲೇಡು ತಾಗೋಕೆ ನಾನು ಬಿಡಲ್ಲ. ನಂಗಾದದ್ದು ನಿಂಗೆ ಬೇಡ."

ಬಟಾಣಿ ಕಾದಳು. ಕತ್ತರಿಯಲ್ಲಿ ಕತ್ತರಿಸಿಕೊಳ್ಳುತ್ತ, ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಳ್ಳುತ್ತ, ಫೋಟೋಗೆ ತಲೆ ತಗ್ಗಿಸುತ್ತ ವರ್ಷಗಟ್ಟಲೆ ಕಾದಳು. ಆ ವಯಸ್ಸಿನ ಹುಡುಗಿಗೆ ಅದು ಎಷ್ಟು ದೊಡ್ಡ ಶಿಕ್ಷೆ ಎಂದು ನಮಗೆ ಗೊತ್ತಿತ್ತು. ಆದರೆ ಅಮ್ಮನ ಮಾತಿನ ಮೇಲೆ ಅವಳಿಗಿದ್ದ ನಂಬಿಕೆ ನೋಡಿದರೆ ನನಗೂ ಧೈರ್ಯ ಬರುತ್ತಿತ್ತು.

ಓದು ಮುಗಿಯಿತು. ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಗಿರಾಕಿಯ ಎದುರು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಅವರ ಮೂಗಿಗೆ ಫ್ರೇಮು ಇಟ್ಟು ನೋಡುವ ಕೆಲಸ. ಗೋಡೆ ತುಂಬ ಕನ್ನಡಿ. ಕೆಲಸಕ್ಕೆ ಸೇರುವ ಮೊದಲು ಎದ್ದು ಕಾಣುವ ದಪ್ಪ ಕೂದಲನ್ನಾದರೂ ತೆಗೆದುಬಿಡಬೇಕು, ಉಳಿದದ್ದು ನಿಧಾನವಾಗಿ ನೋಡಿಕೊಂಡರಾಯಿತು ಎಂದು ಅತ್ತಿಗೆ ತೀರ್ಮಾನಿಸಿದಳು.

ಹಳೆಯ ಯಂತ್ರದ ಗುಂಡಿ ಅಷ್ಟು ಹೊತ್ತಿಗೆ ಸಡಿಲವಾಗಿತ್ತು. ಕರೆಂಟು ಒಮ್ಮೊಮ್ಮೆ ಏರುತ್ತಿತ್ತು, ಒಮ್ಮೊಮ್ಮೆ ಇಳಿಯುತ್ತಿತ್ತು. ಅತ್ತಿಗೆಯ ಕೈ ಅದನ್ನು ಸಂಭಾಳಿಸುತ್ತಿತ್ತು, ಬಂದವರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಮಗಳ ಮುಖಕ್ಕೆ ಅದನ್ನು ಹಿಡಿಯಲು ಅವಳಿಗೆ ಮನಸ್ಸಾಗಲಿಲ್ಲ. "ಅವಳಿಗೆ ಹೊಸದು ತರ್ತೀನಿ" ಎಂದಳು. ನನ್ನನ್ನೂ ಕರೆದುಕೊಂಡು ಹೋದಳು.

ಅಂಗಡಿಯವನಿಗೆ ನಾವು ಸಿಕ್ಕಿದ್ದೇ ಹಬ್ಬ. ಮೊದಲು ಪೆನ್ನಿನ ಹಾಗಿರುವ ಒಂದು ಸಾಮಾನು ತೋರಿಸಿದ, ಸೆಲ್ಲು ಹಾಕಿಕೊಂಡು ಮನೆಯಲ್ಲೇ ಮಾಡಿಕೊಳ್ಳಬಹುದಂತೆ. ಅತ್ತಿಗೆ ತಿರುಗಿಸಿ ನೋಡಿ ವಾಪಸು ಕೊಟ್ಟಳು. "ಕನ್ನಡೀಲಿ ಎಡಗಡೆ ಬಲಗಡೆ ಆಗತ್ತೆ. ತನ್ನ ಗದ್ದಕ್ಕೆ ತಾನೇ ಚುಚ್ಕೊಳ್ಳೋರು ಕೂದಲಿನ ತೂತನ್ನ ಬಿಟ್ಟು ಎಲ್ಲಾ ಕಡೆ ಚುಚ್ತಾರೆ" ಎಂದಳು. ಆಮೇಲೆ ಕಾಯಿಸಿ ಸುಡುವ ಯಂತ್ರ ತೋರಿಸಿದ. ಕ್ಷಣದಲ್ಲಿ ಒಂದು ಕೂದಲು, ಕೆಲಸ ಬೇಗ. ಇವಳು ಒಪ್ಪಲಿಲ್ಲ. ಬಟಾಣಿಯದು ಸೊಳ್ಳೆ ಕಚ್ಚಿದರೂ ತಿಂಗಳು ಕಲೆ ನಿಲ್ಲುವ ಚರ್ಮ, ಕಾವು ಹೆಚ್ಚಾದರೆ ಕಪ್ಪಾಗುತ್ತದೆ, ನಿಧಾನದ್ದೇ ಇರಲಿ, ಹಳೆಯದರ ಹಾಗೇ ಬರೀ ಕರೆಂಟು ಹರಿಸುವುದು ಕೊಡಿ ಎಂದಳು. ಸೂಜಿಗೆ ಬಂದರೆ ಇನ್ನೊಂದು ರಾಮಾಯಣ. ಬಟಾಣಿಯ ಕೂದಲೊಂದನ್ನು ಕಾಗದದಲ್ಲಿ ಮಡಚಿ ತಂದಿದ್ದಳು. ಸೂಜಿಯ ದಪ್ಪ ಕೂದಲಿನ ದಪ್ಪಕ್ಕೆ ಸರಿಯಾಗಿರಬೇಕು, ಸಣ್ಣದಾದರೆ ಚುರುಕಾಗಿ ಚುಚ್ಚುತ್ತದೆ, ದಪ್ಪವಾದರೆ ತೂತು ಹಿಗ್ಗುತ್ತದೆ. ಪಕ್ಕಪಕ್ಕ ಹಿಡಿದು ಬೆಳಕಿಗೆ ನೋಡಿ ಆರಿಸಿದಳು. ಅಂಗಡಿಯವನು ಚಿನ್ನದ ಲೇಪದ್ದು ತೊಗೊಳ್ಳಿ ಎಂದು ಗಂಟು ಬಿದ್ದ. "ನನ್ನ ಕೈಗೆ ಗೊತ್ತಿರೋದು ಉಕ್ಕು. ಮಗಳ ಮೇಲೆ ಹೊಸ ಪ್ರಯೋಗ ಬೇಡ" ಎಂದಳು.

ಕೊನೆಗೆ ಉಪ್ಪುನೀರು ಕೇಳಿದಳು. ಅಂಗಡಿಯವನು ಮುಖ ಸಿಂಡರಿಸಿಕೊಂಡು ಲೋಟ ತಂದ. ಅವನೇ ವೈರು ಜೋಡಿಸಿದ, ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಗುಳ್ಳೆ ಸೂಜಿಯಿಂದಲೇ ಎದ್ದವು. ಅತ್ತಿಗೆ ಸಮಾಧಾನದಿಂದ ತಲೆಯಾಡಿಸಿದಳು. ಅಷ್ಟು ಸಂತೋಷವಾಗಿ ಅವಳು ಏನನ್ನಾದರೂ ಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾರನೆಯ ಬೆಳಿಗ್ಗೆ ಬಟಾಣಿ ಕುರ್ಚಿಯಲ್ಲಿ ಒರಗಿದಳು. ಮೊದಲ ದಿನ ಶಾಲೆಗೆ ಹೋಗುವ ಮಗುವಿನ ಮುಖ. ಅತ್ತಿಗೆ ಕೈ ತೊಳೆದಳು, ಗದ್ದ ಒರೆಸಿದಳು, ಸೂಜಿ ಕೂರಿಸಿದಳು. "ಹೊಸ ಮಿಷನ್ನು, ಮೊದ್ಲು ನನ್ನ ಮೇಲೆ ನೋಡ್ಬೇಕು ಅಂದ್ರೆ ನನ್ನ ಹತ್ರ ಒಂದು ಕೂದಲೂ ಇಲ್ವಲ್ಲೇ" ಎಂದು ನಕ್ಕಳು. ಬಟಾಣಿಯೂ ನಕ್ಕಳು. ನಗುನಗುತ್ತಲೇ, ಮಗಳ ಮುಖ ನೋಡುತ್ತಲೇ, ಅವಳ ಎರಡು ಕೈಗಳು ಎರಡು ವೈರು ಎತ್ತಿಕೊಂಡು ಅಡ್ಡಡ್ಡ ಹೋದವು. ಕೆಂಪು ಕಪ್ಪಿಗೆ. ಕಪ್ಪು ಕೆಂಪಿಗೆ. ನಮ್ಮ ಮನೆಯಲ್ಲಿ ಯಾರ ಕಣ್ಣಿಗೂ ಅದು ತಪ್ಪಾಗಿ ಕಾಣುವಂಥದ್ದಲ್ಲ.

ಮೊದಲ ಸೂಜಿ ಇಳಿದಾಗ ಬಟಾಣಿ ಕೋಲನ್ನು ಬಿಗಿಯಾಗಿ ಹಿಡಿದಳು. "ತುಂಬಾ ಉರಿಯತ್ತಮ್ಮ" ಎಂದಳು. ಅತ್ತಿಗೆ ಗಾಜಿನ ಹಿಂದೆ ಹುಬ್ಬು ಗಂಟಿಕ್ಕಿದಳು. "ನೊರೆ ಬರ್ತಿಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, "ಹೊಸದು, ಕರೆಂಟು ನುಣ್ಣಗೆ ಹರಿಯತ್ತೇನೋ, ಅದಕ್ಕೇ ನೊರೆ ಕಮ್ಮಿ" ಎಂದಳು. ಕೂದಲು ಜಾರಿ ಬರಲಿಲ್ಲ. ಚಿಮುಟದಲ್ಲಿ ಎಳೆಯಬೇಕಾಯಿತು. ಯಾರದ್ದನ್ನೂ ಎಳೆಯದವಳು ಮಗಳದ್ದನ್ನು ಎಳೆದಳು. "ಎಳೇ ವಯಸ್ಸು, ಬೇರು ಗಟ್ಟಿ" ಎಂದು ಗುಂಡಿ ಸ್ವಲ್ಪ ಏರಿಸಿದಳು. ಬಟಾಣಿಯ ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಗೆ ಹೋಯಿತು. ಆದರೆ ಸಾಕು ಎನ್ನಲಿಲ್ಲ. ಇಷ್ಟು ವರ್ಷ ಕಾದವಳು ಉರಿಗೆ ಹೆದರಿಯಾಳೇ?

ಅವತ್ತು ಎಡಗಡೆ ಮುಗಿಯಿತು. ಒಂದು ದಿನ ಬಿಟ್ಟು ಬಲಗಡೆ. ಕೆಲಸಕ್ಕೆ ಸೇರುವ ದಿನ ಹತ್ತಿರ ಬರುತ್ತಿತ್ತು.

ಸೂಜಿಯ ಕೆಲಸ ಅರ್ಧ, ಆಮೇಲಿನ ಆರೈಕೆ ಅರ್ಧ ಎಂಬುದು ಅತ್ತಿಗೆಯ ನಿಯಮ. ಬಂದವರಿಗೆಲ್ಲ ಅದನ್ನೇ ಬಾಯಿಪಾಠ ಒಪ್ಪಿಸುತ್ತಿದ್ದಳು, ಪಕ್ಕದಲ್ಲಿ ಕೂತು ಓದಿಕೊಳ್ಳುತ್ತಿದ್ದ ಬಟಾಣಿಗೂ ಚಿಕ್ಕಂದಿನಿಂದ ಅದು ಬಾಯಿಗೆ ಬರುತ್ತಿತ್ತು. ಕುದಿಸಿ ಆರಿಸಿದ ನೀರಲ್ಲಿ ಬಟ್ಟೆ ಅದ್ದಿ ಒತ್ತು, ಉಜ್ಜಬೇಡ. ಇವತ್ತು ಸೋಪು ಬೇಡ. ಪೌಡರು, ಕ್ರೀಮು, ಯಾವುದೂ ಬೇಡ. ಬಿಸಿಲಿಗೆ ಹೋಗಬೇಡ. ಬೆರಳು ತಾಗಿಸಬೇಡ. ಸಣ್ಣ ಹಕ್ಕಳೆ ಕಟ್ಟುತ್ತದೆ, ಕೆರೆಯಬೇಡ, ತಾನಾಗಿ ಉದುರುತ್ತದೆ.

ಬಟಾಣಿ ಆ ಪಾಠವನ್ನು ಅಕ್ಷರಶಃ ಪಾಲಿಸಿದಳು. ಸ್ಕಾರ್ಫ್ ಉಜ್ಜುತ್ತದೆಂದು ಸ್ಕಾರ್ಫ್ ಬಿಟ್ಟಳು. ನಿದ್ದೆಯಲ್ಲಿ ಕೈ ಹೋಗಬಾರದೆಂದು ಕೈಗವಸು ಹಾಕಿಕೊಂಡು ಮಲಗಿದಳು. ಗದ್ದದ ಎರಡೂ ಕಡೆ ಕರೀ ಚುಕ್ಕೆಗಳು ಎದ್ದಿದ್ದವು. "ಹಕ್ಕಳೆ ಸ್ವಲ್ಪ ಕಪ್ಪಾಗೇ ಕಟ್ಟಿದೆ. ಉದುರತ್ತೆ" ಎಂದಳು ಅತ್ತಿಗೆ. ಬೆಳಿಗ್ಗೆ ಎದ್ದ ಕೂಡಲೇ ತಾಯಿ ಮಗಳು ಕಿಟಕಿಯ ಬೆಳಕಿಗೆ ನಿಂತು ನೋಡುತ್ತಿದ್ದರು. "ನಾಳೆ ಉದುರತ್ತೆ." ನಾನೂ ಅವರ ಭುಜದ ಮೇಲಿಂದ ಇಣುಕುತ್ತಿದ್ದೆ. ಆ ವಾರ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಹಕ್ಕಳೆ ಉದುರಿತು. ಕೆಳಗೆ ಕಪ್ಪು ಹಾಗೇ ಇತ್ತು.

ಅತ್ತಿಗೆ ಮಗಳನ್ನು ಕುರ್ಚಿಯಲ್ಲಿ ಕೂರಿಸಿ ದೀಪ ಎಳೆದುಕೊಂಡಳು. ಗಾಜಿನ ಹಿಂದೆ ಬಹಳ ಹೊತ್ತು ಬಗ್ಗಿದಳು. ಒದ್ದೆ ಹತ್ತಿಯಿಂದ ಒರೆಸಿ ನೋಡಿದಳು, ಸ್ಪಿರಿಟ್ಟಿನಿಂದ ಒರೆಸಿ ನೋಡಿದಳು. ಆಮೇಲೆ ನೆಟ್ಟಗಾಗಿ ಯಂತ್ರದ ಕಡೆ ತಿರುಗಿದಳು. ವೈರುಗಳು ಅವತ್ತು ಚುಚ್ಚಿದ ಹಾಗೇ ಇದ್ದವು. ಆ ನಡುವೆ ಬೇರೆಯವರಿಗೆಲ್ಲ ಹಳೆಯದನ್ನೇ ಬಳಸಿದ್ದಳು, ಹೊಸದು ಬಟಾಣಿಗೆ ಮೀಸಲು ಎಂದು.

"ಒಂದು ಲೋಟ ಉಪ್ಪುನೀರು ಕೊಡು" ಎಂದಳು ನನಗೆ.

ತಂದುಕೊಟ್ಟೆ. ಅದ್ದಿದಳು. ಗುಳ್ಳೆ ಕೋಲಿನಿಂದ ಎದ್ದವು. ಅತ್ತಿಗೆ ನೆಲದ ಮೇಲೆ ಕೂತುಬಿಟ್ಟಳು. ಬಟಾಣಿ ಕುರ್ಚಿಯಿಂದ ಎದ್ದು, "ಏನಾಯ್ತಮ್ಮ? ಏನಾಯ್ತು ಅತ್ತೆ?" ಎಂದು ಇಬ್ಬರ ಮುಖ ನೋಡುತ್ತಿದ್ದಳು. ಅವಳಿಗೆ ಹೇಳಿದವಳು ನಾನು.

ಚರ್ಮದ ಡಾಕ್ಟರು ಒಳ್ಳೆಯವರೇ. ಇದು ಹಚ್ಚೆಯ ಹಾಗೆ ಆಳಕ್ಕೆ ಇಳಿದಿದೆ ಎಂದರು. ಲೇಸರಿನಲ್ಲಿ ಪ್ರಯತ್ನ ಮಾಡಬಹುದು, ಆದರೆ ಈ ಚರ್ಮ ಇನ್ನೂ ಕಪ್ಪಾದರೂ ಆದೀತು, ಒಂದು ಮೂಲೆಯಲ್ಲಿ ನೋಡೋಣವೇ ಎಂದು ಕೇಳಿದರು. ಬಟಾಣಿ ಹೂಂ ಎಂದಳು. ಮೂಲೆಯಲ್ಲಿ ನೋಡಿದರು. ಚುಕ್ಕೆ ಹೋಗಲಿಲ್ಲ, ಸುತ್ತ ಒಂದು ಕಪ್ಪು ಮಚ್ಚೆ ಎದ್ದಿತು. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ಕನ್ನಡಕದ ಅಂಗಡಿಯಲ್ಲಿ ಬಟಾಣಿ ಗಿರಾಕಿಯ ಎದುರು ಕೂತದ್ದು ಸ್ವಲ್ಪ ದಿನ. ಒಂದು ಸಣ್ಣ ಹುಡುಗಿ ಫ್ರೇಮು ಹಾಕಿಸಿಕೊಳ್ಳುತ್ತಾ, "ಆಂಟಿ ಗದ್ದದಲ್ಲಿ ಇರುವೆ ಕೂತಿದೆ" ಎಂದು ತಾಯಿಗೆ ಹೇಳಿತಂತೆ. ಮಾಲೀಕರು ಬಯ್ಯಲಿಲ್ಲ, ನಯವಾಗಿ ಹಿಂದಿನ ಕೋಣೆಗೆ ಹಾಕಿದರು. ಅಲ್ಲಿ ಗಾಜು ಉಜ್ಜುವ ಯಂತ್ರ, ಕಿಟಕಿಯಿಲ್ಲ, ಕನ್ನಡಿಯೂ ಇಲ್ಲ. "ಅಲ್ಲೇ ಆರಾಮಾಗಿದೆ ಅತ್ತೆ" ಎಂದಳು ನನಗೆ.

ಆಮೇಲೆ ಕೂದಲು ಬಂತು. ಉಲ್ಟಾ ಕರೆಂಟಿಗೆ ಬೇರು ಸತ್ತಿರಲಿಲ್ಲ. ಅದೇ ಕರೀ ಚುಕ್ಕೆಗಳ ಒಳಗಿಂದಲೇ, ಒಂದೊಂದಾಗಿ, ಮೊದಲಿಗಿಂತ ಗಟ್ಟಿಯಾಗಿ ಬಂತು. ಅತ್ತಿಗೆ ಹಳೆಯ ಯಂತ್ರದಲ್ಲಿ ತೆಗೆಯುತ್ತೇನೆ ಎಂದು ಒಂದು ಸಲ ಬಾಯಿಬಿಟ್ಟಳು. ಬಟಾಣಿ ಅವಳನ್ನು ನೋಡಿದ ನೋಟಕ್ಕೆ ಆ ಮಾತು ಅಲ್ಲೇ ಸತ್ತಿತು. ಬಟಾಣಿ ಅಂಗಡಿಯಿಂದ ಒಂದು ರೇಜರ್ ತಂದುಕೊಂಡಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬಚ್ಚಲ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಳಗಿಂದ ಕೆರೆಯುವ ಸದ್ದು ಬರುತ್ತಿತ್ತು. ಹೊರಗೆ ಅತ್ತಿಗೆ ಒದ್ದೆ ಬಟ್ಟೆ ಹಿಡಿದು ನಿಂತಿರುತ್ತಿದ್ದಳು. ಮಗಳು ಬಾಗಿಲು ತೆಗೆದು ಬಟ್ಟೆಯನ್ನೂ ಅಮ್ಮನನ್ನೂ ದಾಟಿಕೊಂಡು ಹೋಗುತ್ತಿದ್ದಳು.

ನಮ್ಮ ಅಣ್ಣ ಈ ನಡುವೆ ಬಾಯಿಗೆ ಬೀಗ ಹಾಕಿಕೊಂಡಿದ್ದ. ಒಂದು ಭಾನುವಾರ ಪೆಟ್ಟಿಗೆ ತೆಗೆದು ಮನೆಯ ನಲ್ಲಿ, ಸ್ವಿಚ್ಚು ಎಲ್ಲವನ್ನೂ ಬಿಚ್ಚಿ ನೆಟ್ಟಗೆ ಮಾಡಿದ. ಮಾರನೇ ದಿನದಿಂದ ನಾವೆಲ್ಲ ಕೈ ಸುಟ್ಟುಕೊಂಡೆವು. ಬಿಸಿನೀರಿನ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ ಎಂದು ನಮ್ಮ ಕೈಗೆ ಹೇಳುವುದು ಹೇಗೆ? ನನ್ನ ಬೆರಳ ಮೇಲೆ ಬೊಬ್ಬೆ ಎದ್ದಾಗ ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಇಷ್ಟು ವರ್ಷ ಮಾಡದೆ ಈಗ ಯಾಕೆ ಮಾಡಿದೆ ಎಂದು ಬೈದೆ.

ಅತ್ತಿಗೆ ಕೆಲಸ ಬಿಡಲಿಲ್ಲ, ಕೆಲಸ ಅವಳನ್ನು ಬಿಟ್ಟಿತು. ಪ್ರತಿಯೊಬ್ಬರಿಗೂ ಮೊದಲು ಉಪ್ಪುನೀರು, ನಡುವೆ ಉಪ್ಪುನೀರು. ಕೂದಲು ಸಲೀಸಾಗಿ ಜಾರಿ ಬಂದರೂ ನಂಬದೆ ಗಾಜಿನಲ್ಲಿ ನೋಡುತ್ತ ಕೂರುತ್ತಿದ್ದಳು. ಬರುವವರಿಗೆ ಬೇಜಾರಾಗಿ ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಹೊಸಬರಿಗೆ ಗದ್ದ ತೋರಿಸುವುದನ್ನು ಅವಳೇ ನಿಲ್ಲಿಸಿದ್ದಳು. ಯಾರಾದರೂ ತಾವಾಗಿ ಹೊಗಳಿದರೆ ಸೆರಗಿಲ್ಲದ ಕಡೆ ಸೆರಗು ಹುಡುಕುವವಳ ಹಾಗೆ ಕೈಯಿಂದ ಮುಚ್ಚಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಒಣಗಿದ ಟವೆಲ್ ತೆಗೆದುಕೊಂಡು ಮೇಲೆ ಹೋದೆ. ಯಾರೂ ಬರುವವರಿರಲಿಲ್ಲ, ಆದರೂ ದೀಪ ಹತ್ತಿತ್ತು. ಅತ್ತಿಗೆ ತಾನೇ ಕುರ್ಚಿಯಲ್ಲಿ ಕೂತಿದ್ದಳು. ಎದುರಿಗೆ ಕನ್ನಡಿ, ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ಸೂಜಿ. ಹೊಸ ಯಂತ್ರ ಹೊರಗೆ ಬಂದಿತ್ತು. ವೈರು ನೋಡಿದೆ. ಕೆಂಪು ಕಪ್ಪಿಗೆ, ಕಪ್ಪು ಕೆಂಪಿಗೆ.

"ಅತ್ತಿಗೆ, ಹುಚ್ಚು ಹಿಡಿದಿದ್ಯಾ ನಿಮ್ಗೆ!" ಎಂದು ಕೂಗಿಕೊಂಡು ವೈರು ಕಿತ್ತೆ. ಅಷ್ಟು ಹೊತ್ತಿಗೆ ಆಗಬೇಕಾದದ್ದೆಲ್ಲ ಆಗಿಹೋಗಿತ್ತು. ಗದ್ದದ ಎರಡೂ ಕಡೆ, ಕೂದಲೇ ಇಲ್ಲದ ಆ ನುಣುಪು ಚರ್ಮಕ್ಕೆ, ಮಗಳ ಗದ್ದದಲ್ಲಿ ಎಲ್ಲೆಲ್ಲಿದೆಯೋ ಅಲ್ಲಲ್ಲೇ ಚುಚ್ಚಿಕೊಂಡಿದ್ದಳು. ಅಳತೆ ತಪ್ಪಿರಲಿಲ್ಲ. ಅವಳಿಗೆ ಅದು ಕಣ್ಣು ಮುಚ್ಚಿದರೂ ಕಾಣುತ್ತಿತ್ತು ಎಂದು ಕಾಣುತ್ತದೆ. ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂಥರಾ ಸಮಾಧಾನ ಇತ್ತು. ಅದನ್ನು ನೋಡಿ ನನಗೆ ಹೆದರಿಕೆಯೂ ಆಯಿತು, ಅಳುವೂ ಬಂತು.

ಸಂಜೆ ಬಟಾಣಿ ಕೆಲಸದಿಂದ ಬಂದಳು. ಚಪ್ಪಲಿ ಬಿಡುತ್ತ ತಲೆಯೆತ್ತಿ ಅಮ್ಮನನ್ನು ನೋಡಿದಳು. ಗಾಜಿನ ಪುಡಿ ಮೆತ್ತಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು.

"ಏನಿದು?"

"ನಿಂಗೆ ಮಾಡಿದ್ದನ್ನ ನಂಗೂ ಮಾಡ್ಕೊಂಡೆ" ಎಂದಳು ಅತ್ತಿಗೆ. "ಇನ್ಮೇಲೆ ನೀನೊಬ್ಳೇ ಅಲ್ಲ."

ಬಟಾಣಿ ಬಯ್ಯುತ್ತಾಳೆ, ಇಲ್ಲ ಅಪ್ಪಿಕೊಂಡು ಅಳುತ್ತಾಳೆ ಎಂದು ನಾನು ಕಾದೆ. ಎರಡೂ ಮಾಡಲಿಲ್ಲ. ಒಳಗೆ ಹೋಗಿ ಕೈ ತೊಳೆದಳು. ಕುದಿಸಿ ಆರಿಸಿಟ್ಟ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ ತಂದಳು. ಅಮ್ಮನ ಎದುರು, ಗಿರಾಕಿಯ ಎದುರು ಕೂರುವ ಹಾಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಬಟ್ಟೆಯನ್ನು ಗದ್ದಕ್ಕೆ ಒತ್ತಿದಳು. ಉಜ್ಜಲಿಲ್ಲ, ಒತ್ತಿದಳು.

"ಚಿಕ್ಕೋಳಿದ್ದಾಗ ಇದನ್ನ ಸವರ್ತಾ ಮಲಗ್ತಿದ್ದೆ. ದೊಡ್ಡೋಳಾದ ಮೇಲೆ ಸುಮ್ನೆ ನೋಡ್ತಿದ್ದೆ. ಅಮ್ಮನದು ಸರಿ ಹೋಯ್ತಲ್ಲ, ನಂದೂ ಒಂದಿನ ಹೀಗೇ ಆಗತ್ತೆ ಅಂತ. ಇಷ್ಟೆಲ್ಲ ಆದ ಮೇಲೂ ಹಾಗೇ ಅಂದ್ಕೊಳ್ತಿದ್ದೆ ಅಮ್ಮ. ದಿನಾ ಬೆಳಿಗ್ಗೆ ಆ ಬಾಗಿಲು ತೆಗೆದಾಗ ನಿನ್ನ ಕೈಯಲ್ಲಿರೋ ಬಟ್ಟೆ ನೋಡ್ತಿರ್ಲಿಲ್ಲ, ನಿನ್ನ ಗದ್ದ ನೋಡ್ಕೊಂಡು ಹೋಗ್ತಿದ್ದೆ. ಈ ಮನೇಲಿ ನಂಗೆ ಅದೊಂದಿತ್ತು." ಬಟ್ಟೆ ತಿರುಗಿಸಿ ಇನ್ನೊಂದು ಕಡೆ ಒತ್ತಿದಳು. "ಅದನ್ನೂ ನೀನು ಕೆಡಿಸ್ಬಿಟ್ಟೆ."

ಅತ್ತಿಗೆಯ ಮುಖದಲ್ಲಿದ್ದ ಸಮಾಧಾನ ಹೋಯಿತು.

"ಇವತ್ತು ಸೋಪು ಹಾಕ್ಬೇಡ" ಎಂದಳು ಬಟಾಣಿ, ಬಂದವರಿಗೆಲ್ಲ ಅಮ್ಮ ಹೇಳುವ ದನಿಯಲ್ಲಿ. "ಬಿಸಿಲಿಗೆ ಹೋಗ್ಬೇಡ. ಬೆರಳು ತಾಗಿಸ್ಬೇಡ."

ಹಕ್ಕಳೆ ತಾನಾಗಿ ಉದುರುತ್ತದೆ ಎಂಬ ಕೊನೆಯ ಮಾತನ್ನು ಮಾತ್ರ ಅವಳು ಹೇಳಲಿಲ್ಲ. ಬಟ್ಟೆಯನ್ನು ಅಮ್ಮನ ಕೈಗೆ ಕೊಟ್ಟು ಎದ್ದು ಹೋದಳು.